ಕಮ್ಮಾರ ವಾರಿನ್ ಮಾಡಿದ ಸರಪಳಿ

ಥಾರ್ನ್‌ಹೋ ಊರಿಗೆಲ್ಲ ಒಂದೇ ಕುಲುಮೆ. ವಾರಿನ್‌ನ ಅಪ್ಪ ಅಲ್ಲೇ ಕಬ್ಬಿಣ ಬಡಿದ, ಅವನ ಅಪ್ಪನೂ ಅಲ್ಲೇ ಬಡಿದ. ಊರಿನ ನೇಗಿಲ ಗುಳ, ಕುಡುಗೋಲು, ಬಾಗಿಲ ಚಿಲಕ, ಮಠದ ಕುದುರೆಗಳ ಲಾಳ ಎಲ್ಲಕ್ಕೂ ವಾರಿನ್‌ನ ಕೈಯೇ ಆಗಬೇಕು. ಆಳು ಎತ್ತರದವನೇನಲ್ಲ, ಹೆಗಲು ಮಾತ್ರ ಅಗಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅವನು ಹಾಕಿದ ಬೆಸುಗೆ ಬಿಟ್ಟದ್ದೇ ಇಲ್ಲ ಎಂದು ಪಕ್ಕದ ಊರಿನವರೂ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಕೇಳದವನಂತೆ ತಿದಿ ಒತ್ತುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಅವನ ಹೆಂಡತಿ ಹಾವಿಸ್. ಅವಳ ತಮ್ಮ ಐವೋ ಮನೆಗಳಿಗೆ ಹುಲ್ಲಿನ ಸೂರು ಹೊದಿಸುವವನು. ಭಾವನಿಗೆ ಇಲ್ಲದ ಮಾತೆಲ್ಲ ಈ ಭಾವಮೈದುನನಿಗೇ ಸಿಕ್ಕಂತಿತ್ತು. ಯಾರದಾದರೂ ಮನೆಯ ನೆತ್ತಿಯ ಮೇಲೆ ಕಾಲು ಚಾಚಿ ಕೂತು, ಕೆಳಗೆ ಹೋಗುವವರನ್ನೆಲ್ಲ ಕರೆಕರೆದು ಛೇಡಿಸುವುದೇ ಅವನ ಅರ್ಧ ಕೆಲಸ. ಪಾದ್ರಿಯ ನಡಿಗೆ, ಪಾರುಪತ್ಯಗಾರನ ಕೆಮ್ಮು, ಹುಳಿಯಾದ ಬಾರ್ಲಿ ಹೆಂಡ ಕುಡಿದವನ ಮುಖ ಯಾವುದನ್ನೂ ಬಿಡುತ್ತಿರಲಿಲ್ಲ. ಐವೋನ ಹೆಂಡತಿ ಸಬೀನಾ ಅವನಿಗೆ ತದ್ವಿರುದ್ಧ. ಒಂದು ಮಾತನ್ನು ಆಡುವ ಮೊದಲು ಹತ್ತು ಸಲ ಒಳಗೇ ಅಗಿಯುವವಳು.

ಊರು ಕ್ರೈಸ್ತ ಸನ್ಯಾಸಿಗಳ ಮಠದ್ದು. ಹೊಲ ಮಠದ್ದು, ಕಾಡು ಮಠದ್ದು, ಹೊಳೆಯ ಮೀನೂ ಮಠದ್ದು. ಮಗಳನ್ನು ಮದುವೆ ಮಾಡಿಕೊಡುವುದಕ್ಕೂ ಮಠದ ಪಾರುಪತ್ಯಗಾರನ ಒಪ್ಪಿಗೆ ಬೇಕು. ಸುಗ್ಗಿಯಲ್ಲಿ ತಮ್ಮ ಪೈರು ಉದುರುತ್ತಿದ್ದರೂ ಮಠದ ಪೈರನ್ನು ಮೊದಲು ಬಿಟ್ಟಿಯಾಗಿ ಕೊಯ್ದು ಹಾಕಬೇಕು. ಇದಕ್ಕೆಲ್ಲ ಜನ ಗೊಣಗಿಕೊಂಡೇ ಒಗ್ಗಿಹೋಗಿದ್ದರು. ಒಗ್ಗದೇ ಉಳಿದದ್ದು ಬೀಸುಕಲ್ಲಿನ ಸಂಗತಿ. ವಾರಿನ್ ಹುಟ್ಟುವ ಮೊದಲೇ ಮಠದವರು ಮನೆಮನೆಗೆ ನುಗ್ಗಿ ಬೀಸುಕಲ್ಲುಗಳನ್ನೆಲ್ಲ ಕಿತ್ತು ಹೊತ್ತೊಯ್ದಿದ್ದರು. ಹಿಟ್ಟು ಬೇಕಾದವರು ಮಠದ ಗಿರಣಿಗೇ ಬರಬೇಕು, ಬೀಸಿದ್ದರಲ್ಲಿ ಪಾಲು ಬಿಟ್ಟುಹೋಗಬೇಕು ಎಂದು ಕಟ್ಟಪ್ಪಣೆ. ಕಿತ್ತು ತಂದ ಕಲ್ಲುಗಳನ್ನು ಹಿರಿಯ ಸನ್ಯಾಸಿಗಳು ಕೂರುವ ಕೋಣೆಗೆ ನೆಲವಾಗಿ ಹಾಸಿದರು. ಬೀಗ ಸರಿಮಾಡಲು ಕರೆಸಿದಾಗಲೆಲ್ಲ ವಾರಿನ್ ಆ ನೆಲದ ಮೇಲೆ ಕಾಲಿಟ್ಟೇ ನಡೆಯಬೇಕಿತ್ತು. ಅಲ್ಲೆಲ್ಲೋ ತನ್ನ ಅಜ್ಜಿಯ ಕಲ್ಲೂ ಇದೆ ಎಂದು ಅವನಿಗೆ ಗೊತ್ತಿತ್ತು.

ಆ ವರ್ಷ ರಾಜನ ಕಡೆಯವರು ಮತ್ತೊಮ್ಮೆ ತಲೆಗಂದಾಯ ಕೇಳಲು ಬಂದರು. ಬೇಸಿಗೆ ಕಾಲಿಡುವ ಹೊತ್ತಿಗೆ ಎಸೆಕ್ಸ್ ಕಡೆಯಿಂದ ಸುದ್ದಿ ಹಬ್ಬಿತು. ಜನ ದಂಡುಗಟ್ಟಿ ಲಂಡನ್ನಿಗೆ ನುಗ್ಗಿದ್ದಾರಂತೆ, ಹುಡುಗ ರಾಜ ಎದುರಿಗೆ ಬಂದು ಇನ್ನು ಮೇಲೆ ಯಾರೂ ಜೀತದಾಳಲ್ಲ ಎಂದನಂತೆ. ಥಾರ್ನ್‌ಹೋದಲ್ಲಿ ಯಾರೂ ಯಾರನ್ನೂ ಕರೆಯಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಎಲ್ಲರೂ ಮಠದ ದಾರಿಯಲ್ಲಿದ್ದರು. ವಾರಿನ್‌ನ ಹೆಗಲ ಮೇಲೆ ಕುಲುಮೆಯ ದೊಡ್ಡ ಚಮ್ಮಟಿಗೆ ಇತ್ತು.

ಸನ್ಯಾಸಿಗಳು ಬಾಗಿಲು ಹಾಕಿಕೊಂಡು ಗುಡಿಯೊಳಗೆ ಸೇರಿಕೊಂಡಿದ್ದರು. ಆ ಕೋಣೆಯ ಬೀಗ ವಾರಿನ್ ಮಾಡಿದ್ದೇ, ಅವನೇ ಮುರಿದ. ನೆಲಕ್ಕೆ ಮೊದಲ ಪೆಟ್ಟು ಹಾಕಿದವನೂ ಅವನೇ. ಯಾರೋ ಹಾರೆ ಹಾಕಿ ಮೀಟಿದರು, ಇವನು ಒಡೆಯುತ್ತಾ ಹೋದ. ಕಲ್ಲಿನ ಚೂರೊಂದು ಸಿಡಿದು ಬಲಗೈಯ ಹಿಂಬದಿ ಸೀಳಿತು, ಅದೂ ಅವನಿಗೆ ಗೊತ್ತಾಗಲಿಲ್ಲ. ಅಷ್ಟು ಸುಖವಾದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಐವೋ ಒಂದು ಕಲ್ಲನ್ನೂ ಒಡೆಯಲಿಲ್ಲ. ಒಡೆದ ಚೂರುಗಳನ್ನು ಅಂಗಿಯ ಸೆರಗಿನಲ್ಲಿ ತುಂಬಿಕೊಂಡು ಬಾಗಿಲಲ್ಲಿ ನಿಂತು, ಭಾನುವಾರ ಪಾದ್ರಿ ರೊಟ್ಟಿಯ ಪ್ರಸಾದ ಕೊಡುವ ಹಾಗೆಯೇ ಕಣ್ಣು ಅರೆ ಮುಚ್ಚಿ, ಮೂಗಿನಲ್ಲಿ ಮಂತ್ರ ಹೇಳುತ್ತಾ ಒಬ್ಬೊಬ್ಬರಿಗೆ ಒಂದೊಂದು ಚೂರು ಕೊಟ್ಟ. ಮುದುಕಿಯರು ನಕ್ಕರು, ಅತ್ತರು, ಚೂರನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದರು.

ಆ ಹಿಗ್ಗು ಹುಲ್ಲು ಒಣಗುವಷ್ಟು ಕಾಲವೂ ಉಳಿಯಲಿಲ್ಲ. ಲಂಡನ್ನಿನಲ್ಲಿ ಜನರ ಮುಂದಾಳುಗಳನ್ನು ಕೊಂದರಂತೆ, ರಾಜ ತಾನು ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡನಂತೆ. ಬೇಸಿಗೆಯ ನಡುವಿಗೆ ಅವನ ನ್ಯಾಯಾಧೀಶ ಸಿಪಾಯಿಗಳೊಂದಿಗೆ ಮಠಕ್ಕೆ ಬಂದಿಳಿದ. ಊರಿನ ಮರ್ಯಾದಸ್ಥರಲ್ಲಿ ಹನ್ನೆರಡು ಮಂದಿಯನ್ನು ಪಂಚರೆಂದು ಆರಿಸಿದರು. ತಪ್ಪಿತಸ್ಥರು ಯಾರೆಂದು ಅವರೇ ಪ್ರಮಾಣ ಮಾಡಿ ಹೇಳಬೇಕು. ಮಠದ ಕುದುರೆಗಳಿಗೆ ಲಾಳ ಕಟ್ಟುವವನೆಂದು ಪಾರುಪತ್ಯಗಾರ ವಾರಿನ್‌ನನ್ನೂ ಸೇರಿಸಿದ. ಗಿರಣಿಯ ಆಸ್ಬರ್ಟ್ ಕೂಡ ಅವರಲ್ಲಿ ಒಬ್ಬ.

ಪಂಚರು ಮೊದಲು ಗಟ್ಟಿಯಾಗಿಯೇ ನಿಂತರು. ಯಾರನ್ನೂ ಹೆಸರಿಸುವುದಿಲ್ಲ, ಊರಿಗೆ ಊರೇ ಹೋಗಿತ್ತು ಎಂದರು. ನ್ಯಾಯಾಧೀಶ ಸಿಟ್ಟಾಗಲಿಲ್ಲ. ಹಾಗಾದರೆ ಆ ಜಾಗಕ್ಕೆ ನೀವೇ ಹೋಗಿ, ನನಗೆ ಕುತ್ತಿಗೆ ಬೇಕು, ಯಾರದಾದರೇನು ಎಂದು, ಮಠದ ಕಣಜದೊಳಗೆ ಅವರನ್ನು ಕೂಡಿಸಿ ಹೊರಗಿನಿಂದ ಅಗುಳಿ ಹಾಕಿಸಿದ.

ಒಳಗೆ ಸೆಕೆ, ಹೊಟ್ಟಿನ ಧೂಳು. ಕುಡಿಯಲು ನೀರಿಲ್ಲ. ಓಡಿಹೋದವರ ಹೆಸರು ಹೇಳೋಣವೆಂದು ಒಬ್ಬ, ಸತ್ತವರ ಹೆಸರು ಹೇಳೋಣವೆಂದು ಇನ್ನೊಬ್ಬ. ಅದು ನಡೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನೆಲ ಒಡೆದವನು ಯಾರು ಎಂಬುದೇ ನ್ಯಾಯಾಧೀಶ ಮತ್ತೆ ಮತ್ತೆ ಕೇಳಿದ ಪ್ರಶ್ನೆ. ಮಾತು ನಿಂತುಹೋದ ಮೇಲೆ ವಾರಿನ್ ತಲೆ ಎತ್ತಿದ. ಎದುರಿಗೆ ಕೂತಿದ್ದ ಆಸ್ಬರ್ಟ್ ಅವನ ಕೈಯನ್ನೇ ನೋಡುತ್ತಿದ್ದ. ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಬೀಸುಕಲ್ಲು ಊರಿಗೆ ವಾಪಸು ಬಂದರೆ ಗಿರಣಿಯವನ ಹೊಟ್ಟೆಗೇ ಪೆಟ್ಟು. ಇವನು ಬಾಯಿ ತೆರೆದೇ ತೆರೆಯುತ್ತಾನೆ, ಈಗ ತೆರೆಯುತ್ತಾನೆ ಎಂದು ವಾರಿನ್ ಅಂದುಕೊಂಡ. ಆಸ್ಬರ್ಟ್‌ನ ತುಟಿ ಅಲುಗಿದಂತೆ ಕಂಡಿತು.

"ಐವೋ," ಎಂದ ವಾರಿನ್. "ಅವನೇ ಅಲ್ವಾ ಬಾಗಿಲಲ್ಲಿ ನಿಂತು ಹಂಚಿದ್ದು. ಎಲ್ರೂ ನೋಡಿದ್ದಾರೆ."

ಯಾರೂ ಅವನ ಮುಖ ನೋಡಲಿಲ್ಲ. ಆದರೆ ಎಲ್ಲರ ಎದೆಯಿಂದಲೂ ಉಸಿರು ಹೊರಗೆ ಬಂದದ್ದು ಕೇಳಿಸಿತು. ಒಂದು ಹೆಸರು ಬಿದ್ದ ಮೇಲೆ, ಅಂದು ಜೊತೆಗೆ ಬಂದಿದ್ದ ಪಕ್ಕದ ಊರುಗಳವರ ಎರಡು ಹೆಸರು ಸಲೀಸಾಗಿ ಬಂದವು. ಯಾರು ಮೊದಲು ಹೇಳಿದರೆಂದು ಹೊರಗೆ ಬಾಯಿ ಬಿಡುವುದಿಲ್ಲವೆಂದು ಹನ್ನೆರಡು ಮಂದಿಯೂ ಆಣೆ ಹಾಕಿಕೊಂಡು ಎದ್ದರು.

ವಿಚಾರಣೆಗೆ ಐವೋನನ್ನು ಕೈಕಟ್ಟಿ ತಂದಾಗ ಅವನು ಮೊದಲು ನಗುತ್ತಲೇ ಇದ್ದ, ಏನೋ ತಪ್ಪು ತಿಳಿದಿದ್ದಾರೆ ಎನ್ನುವ ಹಾಗೆ. ನಾನು ಒಡೆಯಲಿಲ್ಲ ಎಂದ. ಹಾಗಾದರೆ ಒಡೆದವನ ಹೆಸರು ಹೇಳು, ಬಿಟ್ಟುಬಿಡುತ್ತೇನೆ ಎಂದ ನ್ಯಾಯಾಧೀಶ. ಐವೋ ಸಾಲಾಗಿ ನಿಂತಿದ್ದ ಪಂಚರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಬಂದ. ವಾರಿನ್‌ನ ಮುಖದ ಮೇಲೆ ಅವನ ಕಣ್ಣು ನಿಂತಿತು. ಅವನ ನಗು ಆಗ ಹೋಯಿತು.

"ತುಂಬಾ ಜನ ಇದ್ರು ಸ್ವಾಮಿ," ಎಂದ. "ಧೂಳು. ನಂಗೆ ಯಾರ ಮುಖಾನೂ ಕಾಣಿಸ್ಲಿಲ್ಲ."

ಊರಿನ ಬಾಯಿಬಡುಕ ಆಮೇಲೆ ಒಂದು ಮಾತನ್ನೂ ಆಡಲಿಲ್ಲ.

ಆ ಮೂವರನ್ನೂ ಗಲ್ಲಿಗೆ ಹಾಕಿದ ದಿನ ವಾರಿನ್ ಮನೆ ಬಿಟ್ಟು ಹೊರಡಲಿಲ್ಲ. ಹಾವಿಸ್ ತಮ್ಮನನ್ನು ನೋಡಲು ಹೋದಳು. ಇವನು ಬೆಂಕಿ ಹಚ್ಚಿ, ಮಾಡಬೇಕಾದ ಕೆಲಸ ಯಾವುದೂ ಇಲ್ಲದೆ ಬರಿದೇ ಒಂದು ಕಬ್ಬಿಣದ ತುಂಡನ್ನು ಬಡಿಯುತ್ತಾ ನಿಂತ. ಹೊರಗಿನ ಸದ್ದು ಕೇಳದಿರಲೆಂದು ಬಡಿದ. ಬಡಿದು ಬಡಿದು ಆ ತುಂಡು ಎಲೆಯಂತೆ ತೆಳ್ಳಗಾಯಿತು.

ಅದಾದ ಕೆಲವೇ ದಿನಗಳಲ್ಲಿ ಸಬೀನಾ ಕುಲುಮೆಗೆ ಬಂದಳು. ಕೈಯಲ್ಲಿ ಬಟಾಣಿ ಗಂಜಿಯ ಬೋಗುಣಿ ಇತ್ತು. ಕಣ್ಣು ಊದಿಕೊಂಡಿತ್ತು, ಅಳುತ್ತಿರಲಿಲ್ಲ.

"ಅಣ್ಣಾ, ಅಲ್ಲಿ ನೀವಿದ್ರಿ," ಎಂದಳು. "ನಮ್ಮೋರು ಅಂತ ಅವ್ರಿಗೆ ನೀವೊಬ್ರೇ. ನೀವು ನಾಲ್ಕು ಮಾತು ಆಡಿರ್ತೀರ ಅಂತ ಗೊತ್ತು. ಇದನ್ನ ಊಟ ಮಾಡಿ."

ವಾರಿನ್‌ಗೆ ಬೋಗುಣಿಯನ್ನು ವಾಪಸು ಕೊಡಲು ಕೈ ಬರಲಿಲ್ಲ. ಅವಳು ನಿಂತೇ ಇದ್ದಳು. ಅವಳ ಕಣ್ಣೆದುರಿಗೇ ಕೂತು, ಒಂದೊಂದೇ ತುತ್ತು ನುಂಗಿ, ತಳ ಕಾಣುವವರೆಗೆ ತಿಂದ. ಆಮೇಲೆ ಅವಳು ಆಗಾಗ ಬರುತ್ತಲೇ ಇದ್ದಳು. ಒಮ್ಮೆ ಈರುಳ್ಳಿ, ಒಮ್ಮೆ ಬಾರ್ಲಿ ರೊಟ್ಟಿ, ಒಮ್ಮೆ ಬರೀ ಕುಡುಗೋಲು ಹದ ಮಾಡಿಸಲು. ಪ್ರತಿ ಸಲವೂ ಅಣ್ಣಾ ಎಂದೇ ಕರೆಯುತ್ತಿದ್ದಳು. ಅವಳ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಅವನು ಬೆಂಕಿಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಕೆಂಪಾದರೆ ಬೆಂಕಿಯ ಝಳಕ್ಕೆ ಅಂದುಕೊಳ್ಳಲಿ ಎಂದು.

ಸಿಪಾಯಿಗಳು ಊರು ಬಿಟ್ಟ ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಾವಿಸ್ ಮತ್ತು ಊರಿನ ಕೆಲವರು ಸೇರಿ ಐವೋನನ್ನು ಕೆಳಗಿಳಿಸಿ, ಗುಡಿಯ ಹಿತ್ತಲಿನಲ್ಲಿ ಮಣ್ಣು ಮಾಡಿದ್ದರು. ಉಳಿದಿಬ್ಬರನ್ನು ಅವರ ಊರಿನವರು ಒಯ್ದರು. ಅದು ಹೇಗೋ ರಾಜನ ಕಿವಿಗೆ ಮುಟ್ಟಿತು. ಎಲೆ ಉದುರುವ ಕಾಲಕ್ಕೆ ಆಜ್ಞೆ ಬಂತು. ಹೂತ ಹೆಣಗಳನ್ನು ಅಗೆದು ತೆಗೆಯಬೇಕು, ಕೊಳೆತು ಉದುರಿದರೂ ಬೀಳದ ಹಾಗೆ ಕಬ್ಬಿಣದ ಸರಪಳಿಯಲ್ಲಿ ಬಿಗಿದು ಅದೇ ಗಲ್ಲುಗಂಬಕ್ಕೆ ಮತ್ತೆ ನೇತುಹಾಕಬೇಕು. ಗಲ್ಲಿಗೆ ಹಾಕುವ ಆಳುಗಳು ಬರುವುದಿಲ್ಲ, ಆಯಾ ಊರಿನವರೇ ತಮ್ಮ ಕೈಯಾರೆ ಮಾಡಬೇಕು.

ಪಾರುಪತ್ಯಗಾರ ಕುಲುಮೆಯ ಬಾಗಿಲಿಗೆ ಬಂದು, ಕೆಮ್ಮಿ, ನೆಲ ನೋಡುತ್ತಾ, ಸರಪಳಿ ಬೇಕು ಎಂದ. ಅವನಿಗೂ ನಾಚಿಕೆಯಾಗಿತ್ತು. ವಾರಿನ್ ಆಗಲಿ ಎಂದಷ್ಟೇ ಹೇಳಿದ.

ಒಂದು ಕೊಂಡಿಯ ಬೆಸುಗೆಯನ್ನು ಸಡಿಲ ಬಿಡೋಣವೆಂದು ಅವನು ಅಂದುಕೊಂಡಿದ್ದು ನಿಜ. ಮೊದಲ ಗಾಳಿಗೆ ಕಳಚಿ ಬೀಳಲಿ, ಆಗ ಮಣ್ಣು ಮಾಡಬಹುದು. ಆದರೆ ಬೆಂಕಿಯಿಂದ ಕಬ್ಬಿಣ ತೆಗೆದಾಗ ಕೈ ತನ್ನ ಪಾಡಿಗೆ ತಾನು ಬಡಿಯಿತು. ಬಣ್ಣ ನೋಡಿ ತೆಗೆಯಿತು, ಹದ ನೋಡಿ ಕೂಡಿಸಿತು. ಒಂದು ಕೊಂಡಿಯೂ ಸಡಿಲಾಗಲಿಲ್ಲ. ಅಂಜಿಕೆಗೆ ಹಾಗಾಯಿತೋ ಅಭ್ಯಾಸಕ್ಕೆ ಹಾಗಾಯಿತೋ ಅವನಿಗೇ ಗೊತ್ತಾಗಲಿಲ್ಲ. ನೋಡಲು ಬಂದ ರಾಜನ ಅಧಿಕಾರಿ ಸರಪಳಿಯನ್ನು ಎರಡೂ ಕೈಯಲ್ಲಿ ಜಗ್ಗಿ, ತಲೆಯಾಡಿಸಿ, ಒಳ್ಳೆ ಕೆಲಸ ಕಣಯ್ಯ, ಇಂಥ ಕೈ ಲಂಡನ್ನಿನಲ್ಲೂ ಕಂಡಿಲ್ಲ ಎಂದ. ಒಂದು ಗಳಿಗೆ, ಒಂದೇ ಗಳಿಗೆ, ವಾರಿನ್‌ನ ಮನಸ್ಸು ಎಂದಿನಂತೆ ಹಿಗ್ಗಿತು. ಆಮೇಲೆ ಬದುಕಿರುವವರೆಗೂ ಅವನು ಎಲ್ಲಕ್ಕಿಂತ ಹೆಚ್ಚು ಹೇಸಿದ್ದು ಆ ಗಳಿಗೆಗೇ. ಕಣಜದಲ್ಲಿ ಆಡಿದ ಮಾತಿಗಾದರೂ ಭಯವೆಂಬ ನೆಪವಿತ್ತು.

ಅಗೆಯುವ ದಿನ, ಮತ್ತೆ ಬಂದಿದ್ದ ಸಿಪಾಯಿಗಳು ಊರಿನವರನ್ನೆಲ್ಲ ಗುಡಿಯ ಹಿತ್ತಲಿಗೆ ಅಟ್ಟಿಕೊಂಡು ಬಂದರು. ಸಬೀನಾ ಎರಡೂ ಕೈಗಳನ್ನು ಮಡಿಲ ಬಟ್ಟೆಯೊಳಗೆ ಸುತ್ತಿಕೊಂಡು ನಿಂತಳು, ಸಿಪಾಯಿ ಗದರಿಸಿದರೂ ಹೊರಗೆ ತೆಗೆಯಲಿಲ್ಲ. ಹಾವಿಸ್ ಗುದ್ದಲಿ ಹಿಡಿದಳು, ಆಸ್ಬರ್ಟ್ ಹಿಡಿದ. ಮಣ್ಣು ಸರಿದಂತೆ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಗೋಡೆಯ ಪಕ್ಕ ಯಾರೋ ವಾಂತಿ ಮಾಡಿಕೊಂಡರು. ವಾರಿನ್ ಮಂಡಿಯೂರಿ ಕೂತು, ಹೆಣದ ಸೊಂಟಕ್ಕೆ ಎದೆಗೆ ಕಂಕುಳಿಗೆ ಸರಪಳಿ ಸುತ್ತಿ, ಮೊಳೆ ತೂರಿಸಿ, ಮೊಳೆಯ ತಲೆ ಬಡಿದು ಬಿಗಿದ. ಹತ್ತಿರದಿಂದ ನೋಡಬೇಕಾಗಿತ್ತು. ಮುಖ ನೋಡುವುದಿಲ್ಲ ಎಂದುಕೊಂಡಿದ್ದ, ಕೈಗಳನ್ನು ನೋಡಿದ. ಹುಲ್ಲು ಕಟ್ಟಿ ಕಟ್ಟಿ ಬೆರಳುಗಳಿಗೆ ಬಂದಿದ್ದ ಜಡ್ಡು ಹಾಗೆಯೇ ಇತ್ತು.

ಚಳಿಗಾಲ ಪೂರ್ತಿ ಐವೋ ಸಂತೆಯ ದಾರಿಯ ಪಕ್ಕ ನೇತಾಡಿದ. ಗಾಳಿ ಬೀಸಿದ ದಿನ ಸರಪಳಿಯ ಸದ್ದು ಕುಲುಮೆಯವರೆಗೂ ಕೇಳಿಸುತ್ತಿತ್ತು. ಜನ ಕೆಸರಿನ ಹೊಲ ಬಳಸಿ ಸಂತೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಒಬ್ಬರನ್ನೊಬ್ಬರು ಕಂಡರೆ ಹವೆಯ ಮಾತು, ದನದ ಮಾತು. ಬೇಸಿಗೆಯಲ್ಲಿ ಸೆರಗಿಗೆ ಕಟ್ಟಿಕೊಂಡು ಹೋಗಿದ್ದ ಕಲ್ಲಿನ ಚೂರುಗಳನ್ನು ಎಷ್ಟೋ ಜನ ಹೊಳೆಗೆ ಎಸೆದರು, ಎಸೆದದ್ದನ್ನು ಯಾರಿಗೂ ಹೇಳಲಿಲ್ಲ.

ಕೊನೆಗೆ ರಾಜನ ಮದುವೆಯಾಯಿತಂತೆ. ಹೊಸ ರಾಣಿ ಬೇಡಿಕೊಂಡಳಂತೆ, ಉಳಿದದ್ದನ್ನು ಹೂಳಿಕೊಳ್ಳಬಹುದು ಎಂದು ಅಪ್ಪಣೆ ಬಂತು. ಸರಪಳಿ ಬಿಚ್ಚುವುದಕ್ಕೂ ಕಮ್ಮಾರನೇ ಬೇಕು. ಏಣಿ ಹಾಕಿ ಇಳಿಸಿದ್ದನ್ನು ಹುಲ್ಲಿನ ಮೇಲೆ ಮಲಗಿಸಿ ವಾರಿನ್ ಕಬ್ಬಿಣ ಕಡಿಯುವ ಚಾಣ ಹಿಡಿದು ಕೂತ. ಮೊಳೆಯ ತಲೆ ಹಾರಲೊಲ್ಲದು. ಎಷ್ಟು ಬಡಿದರೂ ಜಾರುತ್ತಿತ್ತು. ಹಾವಿಸ್ ಬಟ್ಟೆ ಹಾಸಿಕೊಂಡು ಕಾಯುತ್ತಿದ್ದಳು. ಸಬೀನಾ ಅವನ ತಲೆಯ ಮೇಲೆಯೇ ನಿಂತಿದ್ದಳು.

"ಗಟ್ಟಿಯಾಗೇ ಮಾಡಿದ್ದೀರಿ," ಎಂದಳು.

ಅವನು ಮೊಳೆಯ ತಲೆಗೆ ಇನ್ನೊಂದು ಪೆಟ್ಟು ಹಾಕಿದ.

"ಹೆಸರು ಹೇಳಿದ್ದು ನೀವು ಅಂತ ನಂಗೆ ಗೊತ್ತು ಅಣ್ಣ. ಗಲ್ಲಿಗೆ ಹಾಕಿದ ದಿನಾನೇ ಆಸ್ಬರ್ಟ್ ಬಂದು ಹೇಳಿದ. ಆ ಬಟಾಣಿ ಬೇಯಿಸೋಕ್ ಮುಂಚೇನೇ ಗೊತ್ತಿತ್ತು."

ಹಾವಿಸಳ ಕೈ ಬಟ್ಟೆಯ ಮೇಲೆ ಹಾಗೆಯೇ ನಿಂತಿತು. ಮತ್ಯಾಕೆ ಗಂಜಿ ತಂದೆ ಎಂದು ವಾರಿನ್ ಕೇಳಿದನೋ, ಕೇಳಬೇಕೆಂದುಕೊಂಡನೋ, ಅವಳಿಗಂತೂ ಅದು ಅರ್ಥವಾಯಿತು.

"ತಿಂತೀರೋ ಇಲ್ವೋ ನೋಡೋಣ ಅಂತ ತಂದೆ. ತಿಂದ್ರಿ. ಇನ್ನೊಂದ್ಸಲ ತಂದೆ, ಆಗ್ಲೂ ತಿಂದ್ರಿ. ಯಾವತ್ತಾದ್ರೂ ಒಂದಿನ ಬೇಡ ಅಂತೀರ, ಅಂದ್ರೆ ನಾನೂ ಸುಮ್ನಾಗ್ಬಿಡೋಣ ಅಂತಿದ್ದೆ. ನೀವು ಅನ್ಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳಬಹುದಿತ್ತೇನೋ. ಅವನು ಮತ್ತೆ ಚಾಣ ಇಟ್ಟು ಬಡಿದ. ಕಣ್ಣು ಮಂಜಾಗಿ ಪೆಟ್ಟು ತನ್ನ ಹೆಬ್ಬೆರಳಿಗೇ ಬಿತ್ತು. ಬಿಡದೆ ಬಡಿದು ಕೊನೆಯ ಮೊಳೆ ಕಿತ್ತ. ಇಬ್ಬರು ಹೆಂಗಸರೂ ಐವೋನನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟರು. ಇವನನ್ನು ಬಾ ಎಂದೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಇವನು ಸರಪಳಿ ಹಿಡಿದುಕೊಂಡು ಅಲ್ಲೇ ಉಳಿದ.

ಅದೇ ಸಂಜೆ ಅವನು ಗಿರಣಿಗೆ ಹೋದ. ಹನ್ನೆರಡು ಮಂದಿ ಹಾಕಿಕೊಂಡ ಆಣೆಯನ್ನು ಮುರಿದೆಯಲ್ಲ ಎಂದು ಜಗಳಕ್ಕೆ ನಿಂತ. ಮಾತಾಡಿದ್ದು ನಾನಾದರೂ ಬಾಯಿ ತೆರೆಸಿದ್ದು ನೀನು, ನನ್ನನ್ನು ಹಿಡಿದುಕೊಡುವುದಕ್ಕೇ ಕೂತಿದ್ದೆ, ನನ್ನ ಕೈಯ ಗಾಯವನ್ನೇ ನೋಡುತ್ತಿದ್ದೆ ಎಂದು ಕೂಗಾಡಿದ. ಆಸ್ಬರ್ಟ್ ಹಿಟ್ಟಿನ ಮೈಯಲ್ಲೇ ಬಾಗಿಲಿಗೆ ಬಂದ.

"ನೋಡ್ತಿದ್ದೆ ಕಣೋ," ಎಂದ. "ಆ ಕೈ ಮುಚ್ಕೋ, ಹೊರಗೆ ಹೋದಾಗ ಜಡ್ಜಿಗೆ ಕಂಡ್ರೆ ಸಿಕ್ಕಾಕ್ಕೋತೀಯ ಅಂತ ಹೇಳೋಕೆ ಬಾಯಿ ತೆಗೀತಿದ್ದೆ. ಅಷ್ಟ್ರಲ್ಲಿ ನೀನೇ ತೆಗೆದೆ."

ವಾರಿನ್ ಅಲ್ಲಿಂದ ಮನೆಗೆ ಹೇಗೆ ಬಂದನೆಂದು ಅವನಿಗೆ ನೆನಪಿರಲಿಲ್ಲ.

ಆಮೇಲೂ ಅವನು ಬಹಳ ವರ್ಷ ಬದುಕಿದ. ರಾಜ ಎಲ್ಲರಿಗೂ ಕ್ಷಮೆ ಸಾರಿದ. ಆ ಬಳಿಕ, ಆ ನೆಲ ಒಡೆದವನು ನಾನೇ ಎಂದು ಸಂತೆಯಲ್ಲಿ ನಿಂತು ಕೂಗಿದ್ದರೂ ಅವನ ಕೂದಲು ಕೊಂಕುತ್ತಿರಲಿಲ್ಲ. ಬೆಳೆಯುತ್ತಿದ್ದ ಪೀಳಿಗೆಗೆ ಆ ಬೇಸಿಗೆ ಒಂದು ಸಾಹಸದ ಕಥೆಯಾಯಿತು. ಹೇಳು ಎಂದು ಅವರು ಪೀಡಿಸಿದಾಗ ಅವನು ಎದ್ದು ಹೋಗುತ್ತಿದ್ದ. ಸಬೀನಾ ಕುಲುಮೆಗೆ ಬರುವುದನ್ನು ನಿಲ್ಲಿಸಿದಳು. ಕುಡುಗೋಲು ಹದ ಮಾಡಿಸಲು ಹೊಳೆ ದಾಟಿ ಬೇರೆ ಊರಿಗೆ ನಡೆದುಹೋಗುತ್ತಿದ್ದಳು, ವಯಸ್ಸಾದ ಮೇಲೂ. ಹಾವಿಸ್ ಮನೆ ಬಿಡಲಿಲ್ಲ. ಅಡುಗೆ ಮಾಡಿದಳು, ಅವನ ಅಂಗಿ ಹೊಲಿದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದಳು. ಊಟದ ಬೋಗುಣಿಯನ್ನು ಮಾತ್ರ ಅವನ ಕೈಗೆ ಕೊಡುತ್ತಿರಲಿಲ್ಲ. ಒಲೆಯ ಪಕ್ಕದ ಕಟ್ಟೆಯ ಮೇಲೆ ಇಟ್ಟು ಸರಿದುಹೋಗುತ್ತಿದ್ದಳು. ಅವನೂ ಅದನ್ನು ಯಾಕೆಂದು ಕೇಳಲಿಲ್ಲ. ಮಠದವರು ಮತ್ತೆ ಪಂಚನಾಗಲು ಕರೆದಾಗಲೆಲ್ಲ ಕಿವಿ ಕೇಳಿಸುವುದಿಲ್ಲವೆಂದು ಸುಳ್ಳು ಹೇಳಿದ. ಕುಲುಮೆಯ ಸದ್ದಿಗೆ ಮುಂದೆ ಅದು ಅರ್ಧ ನಿಜವೂ ಆಯಿತು.

ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಸಬೀನಾ ಮನೆಗೆ ಬಂದಳು. ಅವನನ್ನು ನೋಡಲು ಬಂದದ್ದಲ್ಲ, ಒಬ್ಬಳೇ ಶುಶ್ರೂಷೆ ಮಾಡಿ ಸೋತಿದ್ದ ಹಾವಿಸಳ ಜೊತೆಗಿರಲು ಬಂದದ್ದು. ತಟ್ಟಿಯ ಆಚೆ ಇಬ್ಬರು ಮುದುಕಿಯರೂ ಉಣ್ಣೆ ನೂಲುತ್ತಾ ಕೂತಿದ್ದರು. ಮಾತು ಎಲ್ಲಿಂದಲೋ ಐವೋನ ಕಡೆಗೆ ತಿರುಗಿತು. ಮದುವೆಯಾದ ಹೊಸದರಲ್ಲಿ ಅವನು ಪಾರುಪತ್ಯಗಾರನ ಹಂದಿಗೂಡಿಗೆ ಸೂರು ಹೊದಿಸಲು ಹತ್ತಿ, ಪಾದ್ರಿಯ ಹಾಗೆ ಉಪದೇಶ ಮಾಡುತ್ತಾ ಕೈ ಬೀಸಿದವನು ಸೂರಿನ ಸಮೇತ ಕುಸಿದು ಹಂದಿಗಳ ನಡುವೆ ಬಿದ್ದದ್ದನ್ನು ಸಬೀನಾ ಹೇಳಿದಳು. ಬಿದ್ದಲ್ಲಿಂದಲೇ ಉಪದೇಶ ಮುಂದುವರಿಸಿದನಂತೆ. ಹಾವಿಸ್ ನಗತೊಡಗಿದಳು. ಎಷ್ಟೋ ವರ್ಷಗಳಿಂದ ವಾರಿನ್ ಆ ನಗುವನ್ನು ಕೇಳಿರಲಿಲ್ಲ.

ಅದು ಪಾರುಪತ್ಯಗಾರನ ಹಂದಿಗೂಡಲ್ಲ, ಪಾದ್ರಿಯದೇ. ಅದಕ್ಕೇ ಅಷ್ಟು ನಗು ಬಂದದ್ದು. ಕೆಳಗೆ ಏಣಿ ಹಿಡಿದು ನಿಂತಿದ್ದವನು ವಾರಿನ್ನೇ. ಕೈ ಕೊಟ್ಟು ಎಳೆದು, ಕೆಸರು ಮೆತ್ತಿದ ಭಾವಮೈದುನನನ್ನು ತಬ್ಬಿಕೊಂಡು, ಹೊಟ್ಟೆ ಹಿಡಿದು ನಕ್ಕವನೂ ಅವನೇ. ಒಂದು ಮಾತು ಹೇಳಿದ್ದರೆ ಆ ಹೆಂಗಸರು ಇನ್ನಷ್ಟು ನಗುತ್ತಿದ್ದರು. ಬಾಯಿಯವರೆಗೆ ಬಂದ ಮಾತನ್ನು ಅವನು ಹಾಗೆಯೇ ನುಂಗಿದ. ತನಗೆ ಎಚ್ಚರವಿರುವುದು ಅವರಿಗೆ ಗೊತ್ತಾಗಬಾರದೆಂದು ಗೋಡೆಯ ಕಡೆಗೆ ಮಗ್ಗುಲಾಗಿ, ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡ.